ಮನೇಲಿರೋ ಕಂಪ್ಯೂಟರ್‌ಗೆ ಡೆಪ್ರಿಸಿಯೇಷನ್: ಆಗಲ್ಲ ಅಂದೋರೇ ಜಾಸ್ತಿ, ನನಗೆ ಆಯ್ತು

ನಾನು ಡೊಂಬಿವಲಿಲಿ ಮನೆಯಿಂದ್ಲೇ ಟ್ರಾನ್ಸ್‌ಲೇಷನ್ ಮಾಡ್ತೀನಿ, ಇಂಗ್ಲಿಷ್ ಮರಾಠಿಯಿಂದ ಕನ್ನಡಕ್ಕೆ, ಜೊತೆಗೆ ಸಬ್‌ಟೈಟಲ್. ಹೆಚ್ಚಿನ ಕಂಪನಿಗಳು 10% ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿಯೋ ತೆರಿಗೆ) ಮುರ್ಕೊಂಡೇ ಕೊಡೋದು, ಅದು ನಿಮಗೆ ಗೊತ್ತಿರೋದೇ. ಮೊದಲು ಒಬ್ರು ಕನ್ಸಲ್ಟೆಂಟ್ ಇದ್ರು, ಬಂದ ದುಡ್ಡನ್ನೆಲ್ಲಾ 'ಇತರೆ ಮೂಲ' ಅಂತ ತೋರ್ಸಿ ಒಂದು ರೂಪಾಯಿ ಖರ್ಚೂ ಹಾಕದೆ ರಿಟರ್ನ್ ಫೈಲ್ ಮಾಡ್ತಿದ್ರು. ಕಂಪ್ಯೂಟರ್‌ಗೆ ಡೆಪ್ರಿಸಿಯೇಷನ್, ಅಂದ್ರೆ ಅದರ ಬೆಲೆ ವರ್ಷ ವರ್ಷ ಸವೆಯೋದನ್ನ ಖರ್ಚು ಅಂತ ಆದಾಯದಲ್ಲಿ ಕಳೆಯೋದು, ಕೇಳಿದ್ರೆ "ಅದು ಮನೇದು, ಆಫೀಸ್ ಇಲ್ದೆ ಹೇಗೆ ಕ್ಲೇಮ್ ಮಾಡ್ತೀರಿ" ಅಂತ ಬಾಯಿ ಮುಚ್ಚಿಸ್ತಿದ್ರು. ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಹೀಗೇ ಹೋಯ್ತು, ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಆಮೇಲೆ ಮಾಟುಂಗಾದ ಗೆಳೆಯ ಒಬ್ಬ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 44ಎಡಿಎ ಹಾಕು (ನಾನು ಇಲ್ಲಿ ಹೇಳೋ ಸೆಕ್ಷನ್‌ಗಳೆಲ್ಲಾ ಆ ಕಾಯ್ದೆಯವೇ), ಅರ್ಧ ಆದಾಯಕ್ಕೆ ಟ್ಯಾಕ್ಸೇ ಇಲ್ಲ ಅಂದ. ಆದ್ರೆ ಆ ಸೆಕ್ಷನ್ ವಕೀಲರು, ಡಾಕ್ಟರು, ಇಂಜಿನಿಯರು, ಆರ್ಕಿಟೆಕ್ಟು, ಸಿಎ, ಟೆಕ್ನಿಕಲ್ ಕನ್ಸಲ್ಟೆನ್ಸಿ ಇಂಥ ಪಟ್ಟಿಗೆ ಮಾತ್ರ, ಅನುವಾದಕ್ಕೆ ಅದ್ರಲ್ಲಿ ಜಾಗ ಇಲ್ಲ. ಸುಮಾರು ಜನ ಟೆಕ್ನಿಕಲ್ ಕನ್ಸಲ್ಟೆನ್ಸಿ ಕೋಡ್ ಹಾಕಿ ತೂರಿಸ್ತಾರೆ, ನಾನು ಒಪ್ಪಲಿಲ್ಲ. ಪಟ್ಟೀಲಿ ಇರೋರು ಒಂದು ನೆನಪಿಡಿ, ಆ 50% ಒಳಗೇ ಡೆಪ್ರಿಸಿಯೇಷನ್ನೂ ಸೇರಿರುತ್ತೆ, ಕಂಪ್ಯೂಟರ್ ಅಂತ ಬೇರೆ ಕೇಳೋ ಹಾಗಿಲ್ಲ. ನಮ್ಮಂಥೋರಿಗೆ ದಾರಿ ಒಂದೇ: ಐಟಿಆರ್-3 (ಬಿಸಿನೆಸ್, ವೃತ್ತಿ ಆದಾಯದ ರಿಟರ್ನ್ ಫಾರ್ಮು), ನಿಜವಾದ ಖರ್ಚು, ನಿಜವಾದ ಲೆಕ್ಕದ ಪುಸ್ತಕ.

ಕಂಪ್ಯೂಟರ್ ತಗೊಂಡಿದ್ದು 2023ರಲ್ಲಿ, ಮಾನಿಟರ್ ಸೇರಿ 68 ಸಾವಿರದ ಹತ್ರ. ಕಂಪ್ಯೂಟರ್ ಬ್ಲಾಕಿಗೆ (ಒಂದೇ ರೇಟಿನ ಆಸ್ತಿಗಳ ಗುಂಪು) ಡೆಪ್ರಿಸಿಯೇಷನ್ ರೇಟ್ 40%, ಮೊದಲು 60% ಇತ್ತು, 2017-18ರ ವಿತ್ತ ವರ್ಷದಿಂದ ಇಳಿಸಿದ್ರು. ತಗೊಂಡ ವರ್ಷ 180 ದಿನಕ್ಕಿಂತ ಕಮ್ಮಿ ಬಳಸಿದ್ರೆ ಅದೂ ಅರ್ಧ, ಬರೀ 20%. ವಿತ್ತ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ, ಅಂದ್ರೆ ಅಕ್ಟೋಬರ್ ಮೊದಲ ಎರಡು ಮೂರು ದಿನದೊಳಗೆ ಮಷೀನ್ ಕೆಲಸಕ್ಕೆ ಕೂತಿರ್ಬೇಕು. ಎಲ್ರೂ ದೀಪಾವಳಿ ಆಫರ್ ಕಾಯ್ತಾರೆ, ಆ ವರ್ಷ ದೀಪಾವಳಿ ನವೆಂಬರ್ 12, ಚೌತಿ ಸೆಪ್ಟೆಂಬರ್ 19. ಮುಂಬೈಲಿ ಗಣಪತಿ ಟೈಮಲ್ಲೂ ಆಫರ್ ಜೋರೇ ಇರುತ್ತಲ್ಲ, ನಾನು ಆಗ್ಲೇ ತಗೊಂಡೆ. ಇದನ್ನ ಯಾವ ಕನ್ಸಲ್ಟೆಂಟೂ ನನಗೆ ಹೇಳಿಕೊಟ್ಟಿದ್ದಲ್ಲ.

ಬಿಲ್ಲಿಂದೇ ದೊಡ್ಡ ತಲೆನೋವು. ಮುಂಬೈನ ಲ್ಯಾಮಿಂಗ್ಟನ್ ರೋಡಲ್ಲಿ ಒಂದು ಅಂಗಡಿಯವನು ಕ್ಯಾಶ್ ಕೊಟ್ರೆ ಮೂರ್ನಾಲ್ಕು ಸಾವಿರ ಕಮ್ಮಿ ಮಾಡ್ತೀನಿ, ಕಚ್ಚಾ ಬಿಲ್ ತಗೊಳಿ ಅಂತ ಬೆನ್ನು ಬಿದ್ದ. ಒಬ್ರಿಗೇ ಒಂದೇ ದಿನ 10,000 ಮೇಲೆ ಕ್ಯಾಶ್ ಕೊಟ್ರೆ ಆ ದುಡ್ಡು ಆಸ್ತಿಯ ಬೆಲೇಲಿ ಸೇರೋದೇ ಇಲ್ಲ, ಡೆಪ್ರಿಸಿಯೇಷನ್ ಪೂರ್ತಿ ಗೋತಾ. ಪಕ್ಕದ ಅಂಗಡೀಲಿ ಪಕ್ಕಾ ಬಿಲ್ ತಗೊಂಡೆ, ನನ್ನ ಹೆಸರು, ಸೀರಿಯಲ್ ನಂಬರ್, ಯುಪಿಐ ರೆಫರೆನ್ಸ್ ನಂಬರ್ ಮೂರೂ ಒಂದೇ ಕಾಗದದ ಮೇಲೆ ಬರೆಸ್ಕೊಂಡೆ, ಅವನು ಬೇಜಾರು ಮಾಡ್ಕೊಂಡೇ ಬರೆದ. ವಿಕ್ರೋಲಿಯ ಪರಿಚಯದವರೊಬ್ರು ಇಎಂಐಗೋಸ್ಕರ ಹೆಂಡ್ತಿ ಹೆಸರಲ್ಲಿ ಬಿಲ್ ಮಾಡಿಸಿ ಕೂತಿದ್ರು, ಮಷೀನ್ ನಮ್ಮ ಸ್ವಂತದ್ದು ಅಂತ ತೋರ್ಸೋಕಾಗ್ದೆ ಇದ್ರೆ ಡೆಪ್ರಿಸಿಯೇಷನ್ ಕೊಡೋ ಸೆಕ್ಷನ್ 32 ನಮಗೆ ಇಲ್ಲ. ಜಿಎಸ್‌ಟಿ ರಿಜಿಸ್ಟ್ರೇಷನ್ ಇರೋರು 18% ಕ್ರೆಡಿಟ್ ತಗೊಂಡ್ರೆ ಆ ಭಾಗದ ಮೇಲೆ ಡೆಪ್ರಿಸಿಯೇಷನ್ ಇಲ್ಲ. ನನಗೆ ರಿಜಿಸ್ಟ್ರೇಷನ್ ಇಲ್ಲ, ಪೂರ್ತಿ ಬೆಲೆ ಹಾಕ್ದೆ.

ಇನ್ನು ಎಲ್ರೂ ಅನುಮಾನ ಪಟ್ಟ ಜಾಗ, ಮನೆ ಬಳಕೆ. ಮಗಳು ಭಾನುವಾರ ಅದ್ರಲ್ಲೇ ಪ್ರಾಜೆಕ್ಟ್ ಮಾಡ್ತಾಳೆ. ಸೆಕ್ಷನ್ 38(2) ಓದಿ, ಕೆಲಸಕ್ಕೆ ಬಳಸಿದ ಪಾಲಿಗೆ ತಕ್ಕಷ್ಟು ಕೊಡಿ ಅನ್ನುತ್ತೇ ಹೊರತು ಮನೆ ಮಷೀನ್ ಅಂತ ತಳ್ಳಿ ಹಾಕಲ್ಲ. ನಾನು ಕೆಲಸಕ್ಕೆ ಬೇರೆ ಲಾಗಿನ್ ಮಾಡ್ದೆ, ಮಗಳಿಗೆ ಬೇರೆ. ದಿನದ ಲಾಗ್ ಶೀಟು, ಡೆಲಿವರಿ ಮೇಲು, ಇನ್‌ವಾಯ್ಸು ಮೂರೂ ತಾಳೆ ಆಗೋ ಹಾಗೆ ಇಟ್ಟಿದೀನಿ, ಆ ಶೀಟ್ ತಾನೇ ತುಂಬ್ಕೊಳ್ಳೋ ಕಿತಾಪತಿ ಮಾತ್ರ ನನ್ನ ಹತ್ರಾನೇ ಇರ್ಲಿ. ಲೆಕ್ಕ ಹಾಕಿದ್ರೆ 80% ಹತ್ರ ಬಂತು, ನಾನು 75% ಹಾಕ್ದೆ. 68,000ಕ್ಕೆ 40% ಅಂದ್ರೆ 27,200, ಅದ್ರಲ್ಲಿ ಮುಕ್ಕಾಲು 20,400. ಫಾರ್ಮಲ್ಲಿ ಶೆಡ್ಯೂಲ್ ಡಿಪಿಎಂ (ಮಷೀನ್‌ಗಳ ಡೆಪ್ರಿಸಿಯೇಷನ್ ಪಟ್ಟಿ) ತಾನೇ ಪೂರ್ತಿ 40% ಲೆಕ್ಕ ಹಾಕುತ್ತೆ, ಕೆಳಗಡೆ 38(2)ರಲ್ಲಿ ಬಿಟ್ಟ ಮೊತ್ತಕ್ಕೆ ಅಂತಾನೇ ಒಂದು ಸಾಲಿದೆ, 6,800 ಅಲ್ಲಿ ಕೂರಿಸ್ಬೇಕು. ಹೊಸ ಸಿಎ ಸಾಹೇಬ್ರಿಗೆ ಆ ಸಾಲನ್ನ ನಾನೇ ತೋರ್ಸ್ದೆ.

ಪ್ರಿಂಟರು, ರೌಟರ್ ಕೂಡ ಇದೇ 40% ಬ್ಲಾಕಿಗೆ ಹಾಕಿ ನೋಡ್ದೆ, ದುಡ್ಡು ಚಿಲ್ಲರೆ, ಆದ್ರೂ ಬಿಡ್ಲಿಲ್ಲ. ಕಂಪ್ಯೂಟರ್ ಜೊತೆ ಕೆಲಸ ಮಾಡೋ ರೌಟರ್ ಕಂಪ್ಯೂಟರೇ ಅಂತ ಮುಂಬೈ ಟ್ರಿಬ್ಯುನಲ್‌ನ ವಿಶೇಷ ಪೀಠ 2010ರಲ್ಲಿ ಡೇಟಾಕ್ರಾಫ್ಟ್ ಕೇಸಲ್ಲಿ ಹೇಳಿದೆ, ಪ್ರಿಂಟರ್ ಸ್ಕ್ಯಾನರ್‌ಗೆ ದೆಹಲಿ ಹೈಕೋರ್ಟ್ ತೀರ್ಪಿದೆ. ಮೇಜು ಕುರ್ಚಿಗೆ 10% ಮಾತ್ರ.

ಆ ವರ್ಷ ಬಂದಿದ್ದು ಸುಮಾರು 8.6 ಲಕ್ಷ. ಪ್ರೂಫ್ ನೋಡೋರಿಗೆ ಕೊಟ್ಟಿದ್ದೇ ಲಕ್ಷದ ಹತ್ರ, ಸಾಫ್ಟ್‌ವೇರ್ ಚಂದಾ, ನೆಟ್ಟು, ಕರೆಂಟಿನ ಪಾಲು, ಕಂಪ್ಯೂಟರ್ ಎಲ್ಲಾ ಸೇರಿ 1.7 ಲಕ್ಷ ಖರ್ಚು, ಉಳಿದಿದ್ದು 6.9. ಹೊಸ ತೆರಿಗೆ ಪದ್ಧತೀಲಿ ಆಗ 7 ಲಕ್ಷದ ತನಕ ರಿಬೇಟ್ (ತೆರಿಗೆ ಮಾಫಿ) ಇತ್ತಲ್ಲ, ಟ್ಯಾಕ್ಸ್ ಸೊನ್ನೆ! ಕಂಪ್ಯೂಟರ್ ಒಂದು ಬಿಟ್ಟಿದ್ರೂ 7 ದಾಟಿ ಹತ್ತು ಸಾವಿರದ ಮೇಲೆ ಕಟ್ಬೇಕಿತ್ತು, ಖರ್ಚೇ ತೋರ್ಸದೆ ಇದ್ರೆ ನಲವತ್ತೆರಡು ಸಾವಿರ ಚಿಲ್ಲರೆ. ಜುಲೈ ಮಧ್ಯದಲ್ಲಿ ಫೈಲ್ ಮಾಡ್ದೆ, ಆಗಸ್ಟ್ ಕೊನೆ ಹೊತ್ತಿಗೆ ರಿಟರ್ನ್ ಪರಿಶೀಲಿಸೋ ಬೆಂಗಳೂರಿನ ಕೇಂದ್ರ ಸಿಪಿಸಿಯಿಂದ 143(1) ಇಂಟಿಮೇಷನ್, ಅಂದ್ರೆ ಲೆಕ್ಕ ತಾಳೆ ನೋಡಿದ ಪತ್ರ, ಬಂತು, ಒಂದು ರೂಪಾಯಿ ವ್ಯತ್ಯಾಸ ಇಲ್ಲ, ಹಿಂದೇನೇ ಟಿಡಿಎಸ್ ಎಪ್ಪತ್ತೈದು ಸಾವಿರದ ಹತ್ರ ಅಕೌಂಟಿಗೆ ಬಿತ್ತು. ಮುಂದೆ ಯಾರಾದ್ರೂ ಕೇಳಿದ್ರೂ ಕಾಗದ ರೆಡಿ ಇದೆ.

ಎರಡನೇ ವರ್ಷ ಹುಷಾರು. ನಿಜವಾಗಿ ಸಿಕ್ಕ ಡೆಪ್ರಿಸಿಯೇಷನ್ ಮಾತ್ರ ಕಳೀಬೇಕು, ಅಂದ್ರೆ 68,000ದಲ್ಲಿ 20,400 ಹೋಗಿ 47,600, ಅದರ 40% ಮುಕ್ಕಾಲು 14,280. 2025-26ರಿಂದ ಹೊಸ ಪದ್ಧತೀಲಿ 12 ಲಕ್ಷದ ತನಕ ಟ್ಯಾಕ್ಸಿಲ್ಲ, ಇದೆಲ್ಲಾ ಯಾಕೆ ಅಂತ ಅದೇ ಗೆಳೆಯ ಕೇಳ್ತಾನೆ. ನೀವು ಕೇಳಿದ್ರೂ ಕೇಳದೆ ಇದ್ರೂ ಡೆಪ್ರಿಸಿಯೇಷನ್ ಕೊಟ್ಟ ಹಾಗೇ ಅಂತ ಸೆಕ್ಷನ್ 32ರ 5ನೇ ವಿವರಣೆ ಹೇಳುತ್ತೆ, ಹಾಕ್ದೆ ಇದ್ರೂ ಮಷೀನ್ ಬೆಲೆ ಲೆಕ್ಕದಲ್ಲಿ ಇಳೀತಾ ಹೋಗುತ್ತೆ, ಅದಕ್ಕೆ ನಾನಂತೂ ಪ್ರತಿ ವರ್ಷ ಹಾಕ್ತೀನಿ.