ಪೊಟರೆಯ ಜೇಡ: ಮುಟ್ಟದೆ ಜಾತಿ, ಪೊರೆಯಿಂದ ಲಿಂಗ

ಟರಾಂಟುಲಾವನ್ನು, ಅಂದರೆ ಮೈತುಂಬ ರೋಮವಿರುವ ದೊಡ್ಡ ಜೇಡವನ್ನು, ಸಾಯಿಸಿ ಸ್ಪಿರಿಟ್‌ಗೆ ಹಾಕದೆ ಜಾತಿ, ಲಿಂಗ ಹೇಳೋಕೆ ಆಗಲ್ಲ ಅಂತ ನನಗೆ ಹೇಳದವರಿಲ್ಲ. ಆಗುತ್ತೆ. ವಿರಾಜಪೇಟೆ ಕಡೆಯ ನಮ್ಮ ಕಾಫಿ ತೋಟದ ಒಂದು ಹಳೇ ಮರದ ಪೊಟರೆಯಲ್ಲಿರುವುದು ಪೊಸಿಲೋಥೀರಿಯಾ ಅನ್ನೋ ಗುಂಪಿನ ಸ್ಟ್ರಿಯಾಟಾ ಜಾತಿಯ ಟರಾಂಟುಲಾ, ಹೆಣ್ಣು. ಅದಕ್ಕೆ ನನ್ನ ಬೆರಳು ಇವತ್ತಿನವರೆಗೂ ತಾಗಿಲ್ಲ. ಅನುಮಾನಪಟ್ಟ ಗೆಳೆಯರೇ ಫೋಟೋ ನೋಡಿ ಒಪ್ಪಿದ್ದಾರೆ.

ಈ ಗುಂಪಿನ ಜೇಡಗಳನ್ನು ಬೆನ್ನು ನೋಡಿ ಹೇಳಲು ಹೋಗಬೇಡಿ. ಮೇಲಿನ ಬೂದು ಚಿತ್ತಾರ ಎಲ್ಲದರದ್ದೂ ಹೆಚ್ಚುಕಮ್ಮಿ ಒಂದೇ. ಬೇಕಾಗಿರುವುದು ಕೆಳಭಾಗ: ಮೊದಲನೇ ಮತ್ತು ನಾಲ್ಕನೇ ಜೋಡಿ ಕಾಲಿನ ಒಳಮೈ, ಮತ್ತೆ ಹೊಟ್ಟೆ. ಆದರೆ ಅದು ತೊಗಟೆಗೆ ಅಪ್ಪಿಕೊಂಡೇ ಕೂತಿರುತ್ತೆ. ಕೆಳಭಾಗ ಕಾಣೋದು ಹೇಗೆ?

ನಾನು ಮಾಡಿದ್ದು ಇಷ್ಟೇ. ಕತ್ತಲಾಗುವ ಮೊದಲು ಪೊಟರೆಯ ಬಾಯಿಗೆ ಪಾರದರ್ಶಕ ಹಾಳೆಯೊಂದನ್ನು ಎರಡು ಬೆರಳಷ್ಟು ಸಂದಿ ಬಿಟ್ಟು ಒರಗಿಸಿದೆ. ಜೇಡ ಹೊರಗೆ ಬಂದು ಹಾಳೆಯ ಒಳಬದಿ ಹತ್ತಿದರೆ ಹೊಟ್ಟೆ ನಮ್ಮ ಕಡೆಗಿರುತ್ತೆ. ಕೇಳಲು ಸುಲಭ, ಅಲ್ವಾ? ಮೊದಲು ಹಾಕಿದ ಕಿಟಕಿ ಗಾಜು ಟಾರ್ಚ್ ಬೆಳಕನ್ನೆಲ್ಲ ಕ್ಯಾಮೆರಾಗೇ ವಾಪಸ್ ಹೊಡೆಯಿತು. ತೆಳು ಪ್ಲಾಸ್ಟಿಕ್ ಸುರುಳಿ ಸುತ್ತಿಕೊಂಡಿತು. ಮಳೆಗಾಲದಲ್ಲಂತೂ ಹಾಳೆ ಮೇಲೆ ಮಂಜು ಕೂತು ಏನೂ ಕಾಣುತ್ತಿರಲಿಲ್ಲ. ಕೊನೆಗೆ ಮೂರು ಮಿಲಿಮೀಟರ್ ಅಕ್ರಿಲಿಕ್ ತಂದೆ. ಕತ್ತರಿಸಿದ್ದೂ ಸೇರಿ ಸುಮಾರು ಆರುನೂರು ರೂಪಾಯಿ ಆಗಿರಬೇಕು. ಟಾರ್ಚನ್ನು ಎದುರಿನಿಂದ ಹಿಡಿಯದೆ ಪಕ್ಕದಿಂದ ಓರೆಯಾಗಿ ಹಿಡಿದೆ. ಆಗ ಬಂತು ನೋಡಿ ಫೋಟೋ! ಮುಂಗಾಲಿನ ಒಳಮೈಯ ಹಳದಿ, ಅದರ ಮೇಲೆ ಕಪ್ಪು ಪಟ್ಟಿ, ಒಂದೊಂದು ರೋಮವೂ ಸ್ಪಷ್ಟ. ಇದೇ ಗುಂಪಿನ ಇನ್ನೊಂದು ಜಾತಿ ರೆಗಾಲಿಸ್ ಆಗಿದ್ದರೆ ಹೊಟ್ಟೆಯ ಕೆಳಗೆ ಅಡ್ಡಲಾಗಿ ತಿಳಿಬಣ್ಣದ ಪಟ್ಟಿ ಇರಬೇಕಿತ್ತು. ಇದರಲ್ಲಿ ಇಲ್ಲ. ನಾಲ್ಕನೇ ಕಾಲಿನ ಚಿತ್ತಾರವೂ ಸ್ಟ್ರಿಯಾಟಾಗೇ ಕೂಡಿಬಂತು. ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಪೋಕಾಕ್ 1895ರಲ್ಲಿ ಹೆಸರಿಟ್ಟ ಜೇಡ ನಮ್ಮ ತೋಟದಲ್ಲೇ ಇದೆ ಅನ್ನೋದು ನನಗೆ ದೊಡ್ಡ ಖುಷಿ.

ಅದನ್ನು ಹಾಳೆ ಮೇಲೆ ಬರಿಸೋಕೆ ನಾನು ಮಾಡುವ ಉಪಾಯ ಒಂದಿದೆ. ಅದನ್ನು ಇಲ್ಲಿ ಬರೆಯಲ್ಲ. ಮರ ಯಾವುದು, ಎಲ್ಲಿ ಅಂತಲೂ ಹೇಳಲ್ಲ. ಸಾಕೋ ಹುಚ್ಚಿಗೆ ಇವನ್ನು ಹಿಡಿದು ಮಾರುವವರಿದ್ದಾರೆ. ಅದಕ್ಕೇ 2019ರಲ್ಲಿ ಪೊಸಿಲೋಥೀರಿಯಾ ಗುಂಪು ಪೂರ್ತಿ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಸೇರಿತು.

ಲಿಂಗ ತಿಳಿಯೋಕೆ ಪೊರೆ ಬೇಕು. ಕಳಚಿದ ಪೊರೆ ಎಷ್ಟೋ ಸಲ ಪೊಟರೆ ಬಾಯಲ್ಲೇ ಬಿದ್ದಿರುತ್ತೆ. ಇರುವೆಗಿಂತ ಮೊದಲು ನಮಗೆ ಸಿಗಬೇಕು ಅಷ್ಟೇ. ಒಣಗಿದ ಪೊರೆಯ ಹೊಟ್ಟೆಭಾಗ ಮುದುಡಿ ಉಂಡೆಯಾಗಿರುತ್ತೆ, ಎಳೆದರೆ ಪುಡಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ ನೆನೆಸಿ. ಸುಮ್ನೆ ನೋಡೋಣ ಅಂತ ಒಂದು ತುಂಡನ್ನು ಸ್ಪಿರಿಟ್‌ನಲ್ಲಿ, ಇನ್ನೊಂದನ್ನು ಗ್ಲಿಸರಿನ್‌ನಲ್ಲೂ ಹಾಕಿದ್ದೆ. ಸ್ಪಿರಿಟ್‌ನದ್ದು ಗಡುಸಾಯಿತು, ಗ್ಲಿಸರಿನ್‌ನದ್ದು ಮೆತ್ತಗಾದರೂ ಬರೀ ಅಂಟು. ಸೋಪುನೀರೇ ವಾಸಿ.

ಬಿಡಿಸಿದ ಮೇಲೆ ಒಳಮೈ ಮೇಲಕ್ಕೆ ಮಾಡಿ ಹರಡಿ. ಪುಸ್ತಕ ಶ್ವಾಸಕೋಶದ (ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುವ ಉಸಿರಾಟದ ಅಂಗ) ನಾಲ್ಕು ಬಿಳಿ ಗುರುತು ಕಾಣುತ್ತೆ. ಮುಂದಿನ ಎರಡರ ನಡುವಿನ ಅಡ್ಡಗೆರೆಗೆ ಸಣ್ಣ ಬ್ರಷ್ ತುದಿ ತಾಗಿಸಿ ಮೆಲ್ಲಗೆ ಎತ್ತಿ. ಅಂಗಿ ಜೇಬಿನ ಹಾಗೆ ಒಂದು ಮಡಿಕೆ ಎದ್ದು ನಿಂತರೆ ಅದೇ ವೀರ್ಯಕೋಶ, ಅಂದರೆ ಗಂಡಿನ ವೀರ್ಯವನ್ನು ಹೆಣ್ಣು ಕೂಡಿಟ್ಟುಕೊಳ್ಳುವ ಚೀಲ. ಹಾಗಾಗಿ ಜೇಡ ಹೆಣ್ಣು. ನಮ್ಮದರಲ್ಲಿ ಎದ್ದು ನಿಂತಿತು. ಮೊದಲು ಕೊಂಡಿದ್ದ ಮಕ್ಕಳ ಮೈಕ್ರೋಸ್ಕೋಪ್ ದುಡ್ಡು ದಂಡ. ಆಮೇಲೆ ಸಾವಿರದೈನೂರರ ಆಸುಪಾಸಿನಲ್ಲಿ ಕೊಂಡ ಯುಎಸ್‌ಬಿಯದ್ದು ಸಾಕಾಯಿತು. ತೀರಾ ಚಿಕ್ಕ ಮರಿಯ ಪೊರೆಯಲ್ಲಿ ಮಾತ್ರ ಇದನ್ನು ನಂಬಬೇಡಿ.

ಬೆಳೆದ ಗಂಡಿನ ವಿಷಯದಲ್ಲಿ ನಮ್ಮಲ್ಲಿ ಜೋರು ವಾದವಾಗಿತ್ತು. ಮಳೆಗಾಲದ ಒಂದು ರಾತ್ರಿ ತೋಟದ ಕಾರ್ಮಿಕರ ಲೈನ್‌ಮನೆ ಗೋಡೆ ಮೇಲೆ ತೆಳ್ಳಗಿನ, ಬಣ್ಣ ಮಂಕಾದ ಒಂದು ಜೇಡ ಬಂದು ಕೂತಿತ್ತು. "ಅಣ್ಣಾ, ಹೊಡೆದು ಹಾಕ್ಲಾ?" ಅಂತ ಕೇಳಿದ ಹುಡುಗನನ್ನು ತಡೆದೆ. ಎಷ್ಟೋ ಟರಾಂಟುಲಾಗಳಲ್ಲಿ ಬೆಳೆದ ಗಂಡಿನ ಮುಂಗಾಲಲ್ಲಿ ಕೊಕ್ಕೆ ಇರುತ್ತೆ. ಇದರಲ್ಲಿ ಕೊಕ್ಕೆ ಇಲ್ಲ, ಹಾಗಾಗಿ ಹೆಣ್ಣು ಅಂತ ಗೆಳೆಯರು. ಪೊಸಿಲೋಥೀರಿಯಾ ಗಂಡಿಗೆ ಕೊಕ್ಕೆ ಇರುವುದೇ ಇಲ್ಲ ಅಂತ ನಾನು. ಬಾಯಿಯ ಪಕ್ಕದ ಎರಡು ಸ್ಪರ್ಶಾಂಗಗಳ ತುದಿ ಊದಿಕೊಂಡಿತ್ತು, ಕೆಳಗೆ ಮಡಚಿದ ಕಪ್ಪು ಗುಬುಟು. ಗಂಡೇ. ಅಗಲ ಬಾಯಿಯ ಡಬ್ಬ ಮುಚ್ಚಿ, ಕೆಳಗೆ ರಟ್ಟು ತೂರಿಸಿ ತೋಟದ ಅಂಚಿಗೆ ಬಿಟ್ಟೆವು. ಬರಿಗೈ ಹಾಕಬೇಡಿ. ಕಚ್ಚಿದರೆ ಸಾಯಲ್ಲ, ಆದರೆ ಸ್ನಾಯು ಹಿಡಿದುಕೊಂಡು ದಿನಗಟ್ಟಲೆ ನರಳಬೇಕಾಗುತ್ತೆ.

ಈಗ ರಸ್ತೆ ಪಕ್ಕದ ಮಣ್ಣಿನ ಬರೆಯಲ್ಲಿ ಬಿಲ ಮಾಡುವ ಕಂದು ಜೇಡಗಳ ಹಿಂದೆ ಬಿದ್ದಿದ್ದೇನೆ. ಅಲ್ಲಿ ಹಾಳೆ ಉಪಯೋಗಕ್ಕೆ ಬರಲ್ಲ, ಬಿಲದ ಬಾಯಿ ತೀರಾ ಕಿರಿದು. ಪೊರೆಯಿಂದ ಲಿಂಗವೇನೋ ಹೇಳಬಹುದು. ಜಾತಿಗೆ ಬೇರೆ ದಾರಿಯನ್ನೇ ಹುಡುಕಬೇಕು.