ಸಲಿಂಗಿ ಎಂದು ಮಾಮೂಲಿ ಮಾತಿನಲ್ಲೇ ತಿಳಿಸುವುದು ಹೇಗೆ

ಬೆಂಗಳೂರಿನಲ್ಲಿ 2008ರಿಂದ ಸಲಿಂಗಿಗಳೂ ಲಿಂಗತ್ವ ಅಲ್ಪಸಂಖ್ಯಾತರೂ ಬಹಿರಂಗವಾಗಿ ಹೆಜ್ಜೆಹಾಕುವ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಅದು ಬೇಕು. ಆದರೆ ಮೆರವಣಿಗೆ ನೋಡಿದವರು ಮನೆಗೆ ಹೋಗಿ ಮರೆತುಬಿಡಬಹುದು. ದಿನಾ ಒಂದೇ ಟೇಬಲ್ಲಿನಲ್ಲಿ ಊಟ ಮಾಡುವ ಸಲಿಂಗಿ ಸಹೋದ್ಯೋಗಿಯನ್ನು ಹಾಗೆ ಮರೆಯಲಾಗುವುದಿಲ್ಲ.

ಯಾರಿಗಾದರೂ ಹೇಳುವ ಮುಂಚೆ ನಿಮ್ಮ ಕಾಲಡಿಯ ನೆಲ ಗಟ್ಟಿಯಿದೆಯೇ ನೋಡಿಕೊಳ್ಳಿ. ಕಾಲೇಜು ಫೀಸು, ಬಾಡಿಗೆ ಎಲ್ಲ ಅಪ್ಪನ ಕೈಲಿದ್ದರೆ ಮನೆಯವರಿಗೆ ಹೇಳುವುದನ್ನು ಮುಂದೂಡುವುದೇ ಜಾಣತನ. ಮೂರು ತಿಂಗಳ ಖರ್ಚಿಗಾಗುವಷ್ಟು ದುಡ್ಡು ನಿಮ್ಮದೇ ಖಾತೆಯಲ್ಲಿರಲಿ. ಆಧಾರ್, ಅಂಕಪಟ್ಟಿ ಮನೆಯ ಬೀರುವಿನಲ್ಲಲ್ಲ, ನಿಮ್ಮ ಬಳಿ ಇರಲಿ. ಒಂದು ವಾರ ಉಳಿಯಲು ಯಾರ ಮನೆಯೆಂದೂ ಗೊತ್ತುಮಾಡಿಕೊಂಡಿರಿ.

ಅಕ್ಕನಿಂದಲೋ ಆಪ್ತ ಸ್ನೇಹಿತರಿಂದಲೋ ಶುರುಮಾಡಿ. ಒಬ್ಬರಿಗೇ ಹೇಳಿ, ಅದೂ ಹಬ್ಬದ ದಿನ ಬೇಡ, ಮದುವೆಮನೆಯಲ್ಲೂ ಬೇಡ. 'ಇದು ಸದ್ಯಕ್ಕೆ ನಿನ್ನಲ್ಲೇ ಇರಲಿ' ಎನ್ನಲು ಮರೆಯಬೇಡಿ. ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಉದ್ದುದ್ದ ಬರೆದು ಹಾಕುವುದು ಕೆಟ್ಟ ದಾರಿ: ಒಬ್ಬೊಬ್ಬರಾಗಿ ಕೇಳಿದ್ದರೆ ಸುಮ್ಮನಿರುತ್ತಿದ್ದ ದೊಡ್ಡಪ್ಪ ಅಲ್ಲಿ ಎಲ್ಲರೆದುರು ನಿಲುವು ತೋರಿಸಲೇಬೇಕಾಗುತ್ತದೆ.

ಆಫೀಸಿನಲ್ಲಿ ಘೋಷಣೆಯೇ ಬೇಡ. 'ಭಾನುವಾರ ಏನ್ ಮಾಡಿದ್ರಿ?' ಎಂದು ಕೇಳಿದರೆ, 'ನಾನೂ ನನ್ನ ಪಾರ್ಟ್ನರೂ ನಂದಿಬೆಟ್ಟಕ್ಕೆ ಹೋಗಿದ್ವಿ. ಅವನನ್ನ ಬೆಳಗ್ಗೆ ಎಬ್ಬಿಸೋದೇ ದೊಡ್ಡ ಕಷ್ಟ' ಎನ್ನಿ. 'ಅವರು' ಎಂದು ಬಹುವಚನದ ಮರೆಯಲ್ಲಿ ನಿಂತರೆ ಕೇಳಿದವರು ಹುಡುಗಿ ಎಂದೇ ತಿಳಿಯುತ್ತಾರೆ. ದನಿ ತಗ್ಗಿಸಬೇಡಿ, ಅವರ ಮುಖ ನೋಡುತ್ತಾ ಕಾಯಬೇಡಿ. ಅಲ್ಲಿ ತಿಂದ ಇಡ್ಲಿ, ಸಿಕ್ಕ ಟ್ರಾಫಿಕ್ಕಿನ ಕಡೆ ಮಾತು ಹರಿಯಲಿ. ಒಮ್ಮೆ ಮಾತ್ರ ಹೇಳಿ ಸುಮ್ಮನಾದರೆ ಕೇಳಿದವರು ಕೇಳಿಸಲಿಲ್ಲವೆಂಬಂತೆ ಇದ್ದುಬಿಡುವುದು ಹೆಚ್ಚು. ಮುಂದಿನ ವಾರ ಇನ್ನೊಮ್ಮೆ ಅವನ ಹೆಸರು ಹಿಡಿದೇ ಹೇಳಿ.

ಪ್ರಶ್ನೆಗಳು ಬಂದೇ ಬರುತ್ತವೆ, ಉತ್ತರ ಚಿಕ್ಕದಿರಲಿ. 'ಇದು ಅಪರಾಧ ಅಲ್ವಾ?' ಅಲ್ಲ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. 'ಕಾಯಿಲೆನಾ?' ಅಲ್ಲ, 'ಸರಿಮಾಡುವ' ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. 'ಮದುವೆ ಊಟ ಯಾವಾಗ?' ಎಂದರೆ ಇದ್ದದ್ದನ್ನೇ ಹೇಳಿ: ಸುಪ್ರೀಂ ಕೋರ್ಟಿನ 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸಲಿಂಗಿ ಜೋಡಿಗಳಿಗೆ ಮದುವೆಯ ಹಕ್ಕು ಸಿಗಲಿಲ್ಲ. ಉಬ್ಬಿಸಿ ಹೇಳಿದರೆ ಮುಂದೆ ನಿಮ್ಮ ಯಾವ ಮಾತನ್ನೂ ನಂಬುವುದಿಲ್ಲ. ಮಲಗುವ ಕೋಣೆಯ ಪ್ರಶ್ನೆಗೆ 'ನಿಮ್ಮನೇದು ನಾನ್ ಕೇಳಿದ್ನಾ?' ಎಂದು ನಕ್ಕರೆ ಸಾಕು.

ಹೀಗೆ ಮಾಮೂಲಿ ಮಾತಿನಲ್ಲಿ ತಿಳಿಸಲು ಬ್ಯಾಂಕಿನ ಕೌಂಟರೂ ಒಳ್ಳೆಯ ಜಾಗ. ಸಲಿಂಗಿ ಜೋಡಿಗಳು ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕಟಣೆಯ ಪ್ರಿಂಟ್ ಒಯ್ಯಿರಿ. ಬ್ಯಾಂಕಿನ ಸಿಬ್ಬಂದಿಗೆ ಗೊತ್ತಿಲ್ಲದಿದ್ದರೆ ವಾದಕ್ಕಿಂತ ಕಾಗದ ಬೇಗ ಕೆಲಸ ಮಾಡುತ್ತದೆ.

ಸಲಿಂಗಿಗಳಲ್ಲದ ಸ್ನೇಹಿತರಿಗೂ ಕೆಲಸವಿದೆ. ನಿಮ್ಮ ಮನೆಯ ಮದುವೆಗೆ ಕರೆಯುವಾಗ ಲಗ್ನಪತ್ರಿಕೆಯ ಮೇಲೆ ಸಲಿಂಗಿ ಸ್ನೇಹಿತ, ಅವನ ಸಂಗಾತಿ ಇಬ್ಬರ ಹೆಸರನ್ನೂ ಬರೆಯಿರಿ. ಕ್ಯಾಂಟೀನಿನಲ್ಲಿ ಯಾರಾದರೂ ಕೊಂಕು ಜೋಕು ಹೊಡೆದರೆ, 'ಅರ್ಥ ಆಗ್ಲಿಲ್ಲ, ಬಿಡಿಸಿ ಹೇಳು' ಎನ್ನಿ. ಬಿಡಿಸಿ ಹೇಳಹೊರಟವರ ನಗು ಅರ್ಧದಲ್ಲೇ ನಿಲ್ಲುತ್ತದೆ. ಆದರೆ ಜಗಳದ ಭರದಲ್ಲಿ 'ನಮ್ಮ ಟೀಮಲ್ಲೇ ಒಬ್ಬ ಇದಾನೆ' ಎಂದುಬಿಡಬೇಡಿ. ಹೆಸರು ಹೇಳದಿದ್ದರೂ ಆರು ಜನರ ಟೀಮಿನಲ್ಲಿ ಊಹಿಸುವುದು ಸುಲಭ.