ಕ್ಯಾನಪಿ ಫ್ರೇಮಿಗೆ ಬಣ್ಣ ಹಚ್ಚಬೇಡಿ, ಪಟ್ಟಿ ಅಂಟಿಸಿ
1/72 ಅಳತೆಯ (ನಿಜವಾದ ವಿಮಾನಕ್ಕಿಂತ 72 ಪಟ್ಟು ಚಿಕ್ಕ) ಮಾದರಿ ವಿಮಾನದ ಕ್ಯಾನಪಿಯ, ಅಂದರೆ ಕಾಕ್‌ಪಿಟ್ ಮೇಲಿನ ಗಾಜಿನ ಮುಚ್ಚಳದ, ಫ್ರೇಮುಗಳನ್ನು ಒಂದೊಂದಾಗಿ ಮಾಸ್ಕ್ ಮಾಡುವ (ಸುತ್ತಲಿನ ಗಾಜಿಗೆ ಟೇಪ್ ಅಂಟಿಸಿ ಬಣ್ಣ ಹಚ್ಚುವ) ಬದಲು, ಖಾಲಿ ಪಾರದರ್ಶಕ ಡೆಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಪದರ) ಹಾಳೆಗೆ ಮೊದಲು ಕಾಕ್‌ಪಿಟ್ ಒಳಗಿನ ಬಣ್ಣ, ಅದರ ಮೇಲೆ ಹೊರಗಿನ ಬಣ್ಣ ಸ್ಪ್ರೇ ಮಾಡಿ, ಚೆನ್ನಾಗಿ ಒಣಗಿದ ಮೇಲೆ ಸ್ಟೀಲ್ ಸ್ಕೇಲ್ ಇಟ್ಟು ಹೊಸ ಬ್ಲೇಡಿನಿಂದ ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಅಂಟಿಸಿ. ನಿಜವಾದ ವಿಮಾನದಲ್ಲಿ ಒಂದು ಇಂಚು ಅಗಲದ ಫ್ರೇಮು ಈ ಅಳತೆಯಲ್ಲಿ ಬರೀ 0.35 ಮಿ.ಮೀ. ಆಗುತ್ತದೆ. ಅಷ್ಟು ಸಣ್ಣ ಗೆರೆಯ ಅಂಚು ಬ್ರಷ್ಷಿನಲ್ಲಿ ನೇರ ಬರುವುದು ಕಷ್ಟ, ಬ್ಲೇಡಿಗೆ ಸುಲಭ. ಗಾಜಿನ ಒಳಗಿಂದ ನೋಡಿದರೆ ಒಳಬಣ್ಣವೇ ಕಾಣುತ್ತದೆ, ಅದಕ್ಕೇ ಆ ಕ್ರಮ. ಎರಡನೇ ಮಹಾಯುದ್ಧದ ಜರ್ಮನ್ ಬಾಂಬರ್ ಹೈಂಕೆಲ್ 111ರ ಮೂಗಿನಂತೆ ತುಂಬಾ ಗಾಜಿರುವ ಕಡೆ ಇದು ದೊಡ್ಡ ಉಪಕಾರ. ಇದು ಮೋಸ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನನ್ನ ಪ್ರಕಾರ ಖಂಡಿತ ಅಲ್ಲ. ರೆಕ್ಕೆಯ ಗುರುತುಗಳನ್ನೆಲ್ಲ ಡೆಕಾಲಿನಲ್ಲೇ ಹಾಕುತ್ತೇವೆ, ಫ್ರೇಮಿಗೆ ಮಾತ್ರ ಬೇರೆ ನ್ಯಾಯ ಯಾಕೆ? ಬಣ್ಣ ದಪ್ಪ ಆದರೆ ಕತ್ತರಿಸುವಾಗ ಅಂಚು ಸಿಡಿಯುತ್ತದೆ, ತೆಳುವಾಗಿ ಎರಡು ಮೂರು ಪದರ ಸಾಕು. ಡೆಕಾಲ್ ಮೆತ್ತಗಾಗಿಸುವ ದ್ರವ ಜೋರಾಗಿದ್ದರೆ ಅಕ್ರಿಲಿಕ್ ಬಣ್ಣ ಸುಕ್ಕಾಗಬಹುದು, ಮೊದಲು ಒಂದು ತುಂಡಿನ ಮೇಲೆ ನೋಡಿಕೊಳ್ಳಿ. ಎರಡೂ ದಿಕ್ಕಿಗೆ ಬಾಗಿದ, ಗುಂಡಗಿನ ಗಾಜಿಗೆ ಈ ಉಪಾಯ ನಡೆಯುವುದಿಲ್ಲ, ನೇರ ಪಟ್ಟಿ ಅಲ್ಲಿ ಮಡಚಿಕೊಳ್ಳುತ್ತದೆ. ಅಲ್ಲಿ ಮಾಸ್ಕಿಂಗ್ ಟೇಪೇ ಗತಿ.